ಒಂದೇ ಹೆಸರಿನವರ ಸೂತಕ

ನಮ್ಮ ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಡೂರಿನಿಂದ ಅಜ್ಜಂಪುರದವರೆಗೆ ಅದೇ ಹೆಸರಿನ ನೂರಾರು ಮನೆಯವರು ‘ಇದು ನಮ್ಮನ್ನೇ ಕುರಿತದ್ದು’ ಅಂತ ಜಗಳಕ್ಕೆ ಬರುತ್ತಾರೆ. ಬಂದರೆ ಅವರದೇನೂ ತಪ್ಪಿಲ್ಲ. ಸ್ಪೇನ್ ದೇಶದಲ್ಲಿ ಒಂದು ಮನೆತನದ ಹೆಸರಿದೆಯಂತೆ, ಸಂತೆಯಲ್ಲಿ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದಂತೆ. ಪೇಪರಿನಲ್ಲಿ ಓದಿದೆ. ಓದಿದಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಅವರಲ್ಲೊಬ್ಬ ಸತ್ತರೆ ಮಿಕ್ಕವರೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕಾ?

ನಮ್ಮಲ್ಲಿ ಹಾಕಿಕೊಳ್ಳಬೇಕು. ಅದೇ ಹೆಸರಿನ ಮನೆಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಮುಖ ನೋಡದಿದ್ದರೂ ಅಣ್ಣತಮ್ಮಂದಿರೇ. ಹೆಣ ಎತ್ತಲು ಅದೇ ಹೆಸರಿನವರ ಹೆಗಲೇ ಆಗಬೇಕು. ಒಬ್ಬ ಸತ್ತನೆಂದು ಕಿವಿಗೆ ಬಿತ್ತೋ, ಹನ್ನೊಂದು ದಿನ ಸೂತಕ. ಶುಭಕಾರ್ಯವೆಲ್ಲ ಬಂದ್. ಆದರೆ ಹಿರಿಯರು ಎರಡು ಸಂದು ಬಿಟ್ಟಿದ್ದಾರೆ. ಸುದ್ದಿ ಕಿವಿಗೆ ಬೀಳದಿದ್ದರೆ ಸೂತಕವಿಲ್ಲ. ಮದುವೆಗೆ ಕಂಕಣ ಕಟ್ಟಿದ ಮೇಲೆ ಬಿದ್ದರೂ ಸೂತಕವಿಲ್ಲ.

ನಾನು ಕಡೂರು ಸಂತೆಯಿಂದ ಸೈಕಲ್ ಮೇಲೆ ತೆಂಗಿನಕಾಯಿ ಹೇರಿಕೊಂಡು ಬಂದು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಮಾರಿ ಮೇಲೆ ಬಂದವನು. ಸೈಕಲ್ ತುಳಿಯುವ ಕಾಲಕ್ಕೆ ನಮ್ಮ ಹೆಸರಿನವನೊಬ್ಬನೂ ನನ್ನ ಗುರುತು ಹಿಡಿಯಲಿಲ್ಲ. ಅಂಗಡಿ ಹಾಕಿದ ವಾರಕ್ಕೇ ಶುರುವಾಯಿತು, ‘ನಾವೆಲ್ಲ ಒಂದೇ ಅಲ್ವೇನಪ್ಪಾ’ ಅನ್ನುವ ರಾಗ. ನಾನೇನು ಕಮ್ಮಿಯವನಲ್ಲ. ಹಳ್ಳಿಗಳಿಗೆ ಕಾಯಿ ಕೊಳ್ಳಲು ಹೋದಾಗ ಅದೇ ರಾಗ ಹಾಡಿ ನೂರಕ್ಕೆ ನಾಲ್ಕು ಕಾಯಿ ಬಿಟ್ಟಿ ಕೊಸರು ಹಾಕಿಸಿಕೊಳ್ಳುತ್ತಿದ್ದೆ. ಕಿರಿಯರಿಗೆ ಒಂದು ಮಾತು ಹೇಳುತ್ತೇನೆ: ನೆಂಟಸ್ತನ ಹೇಳಿಕೊಂಡು ಬಂದವನಿಗೆ ಮೊದಲು ಕೂರಲು ಮಣೆ ಹಾಕಿ, ತಕ್ಕಡಿ ಆಮೇಲೆ ತೋರಿಸಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಇರಲಿಲ್ಲ, ತಂಗಿಯ ಮದುವೆ ನನ್ನ ತಲೆಯ ಮೇಲಿತ್ತು. ಅವಳಿಗಾಗಲೇ ಇಪ್ಪತ್ತೇಳು. ಮೊದಲು ಗೊತ್ತಾಗಿದ್ದ ಗಂಡು ತಪ್ಪಿದ್ದೇ ಈ ಹೆಸರಿನಿಂದ. ಲಗ್ನಕ್ಕೆ ನಾಲ್ಕು ದಿನವಿದ್ದಾಗ ಅಜ್ಜಂಪುರದಲ್ಲಿ ನಾವು ಕಂಡೇ ಇರದ ಮುದುಕನೊಬ್ಬ ಸತ್ತ. ದಿನ ಮುಂದೆ ಹೋಯಿತು, ಗಂಡಿನವರು ಅಪಶಕುನ ಅಂದರು, ಬಿಟ್ಟರು. ಎರಡನೆಯದು ಕಡೂರಿನ ಮೇಷ್ಟ್ರು. ಅವರ ತಾಯಿ ವೀಳ್ಯಶಾಸ್ತ್ರದ ದಿನವೇ ಹೇಳಿಬಿಟ್ಟಿದ್ದರು: “ಒಂದ್ಸಲ ಆಗಿದ್ದು ಗೊತ್ತು ಕಣ್ರೀ. ನಮ್ಮಲ್ಲೂ ದಿನ ಮುಂದಕ್ಕೆ ಹಾಕಿದ್ರೆ ನಾವು ಬೇರೆ ಕಡೆ ನೋಡ್ಕೊತೀವಿ.”

ಮದುವೆಯ ಬೆಳಿಗ್ಗೆ ಹೂವಿನ ಬುಟ್ಟಿ ಇಳಿಸಿಕೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದೆ. ಜೊತೆಗೆ ನಮ್ಮ ಹೆಸರಿನವರಿಗೆಲ್ಲ ಯಜಮಾನ ಅನ್ನಿಸಿಕೊಂಡಿದ್ದ ಹಿರಿಯ. ನಾನು ದೊಡ್ಡಪ್ಪ ಅನ್ನುತ್ತಿದ್ದೆ. ಮೂರು ದಿನದಿಂದ ನಮ್ಮಲ್ಲೇ ಉಣ್ಣುತ್ತಿದ್ದ ಆಸಾಮಿ. ಮದುವೆಮನೆಯ ಕಾಫಿ ನೀರಾಗಿದೆ ಅಂತ ಹೋಟೆಲಿನ ಕಾಫಿಗೆ ಹೊರಟಿದ್ದ.

ಅಜ್ಜಂಪುರದ ಬಸ್ಸಿನಿಂದ ಒಬ್ಬ ಇಳಿದ. ಬುಕ್ಕಾಂಬುಧಿ ಪಕ್ಕದ ಹಳ್ಳಿಯವನು. ಆ ಹಳ್ಳಿಯಲ್ಲಿ ನಮ್ಮ ಹೆಸರಿನ ಮನೆ ಅವರದೊಂದೇ: ಇವನು, ಇವನಣ್ಣ. ನನಗೆ ಕಾಯಿ ಕೊಡುತ್ತಿದ್ದವರು. ತಲೆಯ ಟವೆಲ್ಲು ಸೊಂಟಕ್ಕೆ ಬಂದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಂಥ ಸುದ್ದಿ ತಂದಿದ್ದಾನೆಂದು ನೋಡಿದ ತಕ್ಷಣ ಗೊತ್ತಾಯಿತು.

“ಅಣ್ಣಾ, ನಮ್ಮಣ್ಣ...”

“ಬಾಯಿ ಬಿಡ್ಬೇಡ” ಅಂದೆ. “ಬಾ, ಮೊದ್ಲು ತಿಂಡಿ ತಿನ್ನು.”

“ತಿನ್ನಂಗಿಲ್ಲ ಅಣ್ಣಾ. ಮನೇಲಿ ಒಲೆ ಹಚ್ಚಿಲ್ಲ.”

ಹೆಣ ಮನೆಯಲ್ಲಿರುವ ತನಕ ಒಲೆ ಹಚ್ಚುವುದಿಲ್ಲ, ಆ ಮನೆಯವರು ತುತ್ತು ಮುಟ್ಟುವುದಿಲ್ಲ. ಅವನ ತೋಳು ಹಿಡಿದು ಹೋಟೆಲಿನ ಮೂಲೆಗೆ ಎಳೆದುಕೊಂಡು ಹೋದೆ. ದೊಡ್ಡಪ್ಪ ಅವನ ಕಡೆ ತಿರುಗಲೇ ಇಲ್ಲ. ಗೋಡೆ ನೋಡುತ್ತಾ ನನಗೆ ಹೇಳಿದ:

“ಸಾವಾಗಿರೋ ಮನೆಯೋನು ತಿಂತಾನೇನಪ್ಪಾ? ತಿನ್ನಲ್ಲ. ತಿಂದ ಅಂದ್ರೆ ಯಾರೂ ಸತ್ತಿಲ್ಲ ಅಂತ್ಲೇ ಲೆಕ್ಕ. ತಿನ್ಸು.”

ಇಡ್ಲಿ ತರಿಸಿ ಅವನ ಮುಂದಿಟ್ಟು ಚೌಕಾಸಿಗೆ ಇಳಿದೆ. ನನಗೆ ಬರುವ ವಿದ್ಯೆ ಅದೊಂದೇ.

“ನಿಂಗೇನು ಬೇಕು ಹೇಳು.”

“ನಾಲ್ಕು ಹೆಗಲು ಅಣ್ಣಾ. ಬಿಸಿಲು ಏರೋದ್ರೊಳಗೆ. ನಮ್ಮೋರು ಅಲ್ಲಿ ಇನ್ಯಾರವ್ರೆ?”

“ಈಗ ಒಂದೂ ಇಲ್ಲ. ಹತ್ತು ಗಂಟೆಗೆ ಕಂಕಣ ಕಟ್ತಾರೆ. ಹತ್ತೂವರೆಗೆ ಎಂಟು ಜನನ್ನ ನನ್ನ ಕಾಯಿ ಲಾರೀಲೇ ಕಳಿಸ್ತೀನಿ. ನಾಲ್ಕು ಕೇಳ್ದೆ, ಎಂಟು ಕೊಡ್ತಿದೀನಿ. ಇದನ್ನ ತಿನ್ನು.”

ಅವನು ದೊಡ್ಡಪ್ಪನ ಕಡೆ ನೋಡಿದ. “ಯಜಮಾನ್ರೇ, ನೀವಾದ್ರೂ ಒಂದ್ಮಾತು ಹೇಳಿ.”

“ಆರೋಗ್ತದೆ, ತಿನ್ನಪ್ಪಾ” ಅಂದ ದೊಡ್ಡಪ್ಪ. ಅಷ್ಟೇ ಹೇಳಿ ತನಗೊಂದು ವಡೆ ತರಿಸಿಕೊಂಡ.

ಅವನು ತಿಂದ. ಎರಡು ಇಡ್ಲಿ. ಚಟ್ನಿ ಮುಟ್ಟಲಿಲ್ಲ. ಒಂದೊಂದು ಚೂರನ್ನೂ ಮಾತ್ರೆ ನುಂಗುವ ಹಾಗೆ ನೀರಿನಲ್ಲಿ ಇಳಿಸಿದ. ಒಂದು ಸಲ ಓಕರಿಸಿ ಬಂದದ್ದನ್ನು ಬಾಯಿಗೆ ಕೈ ಅಡ್ಡ ಇಟ್ಟು ಮತ್ತೆ ಒಳಕ್ಕೆ ತಳ್ಳಿದ. ದೊಡ್ಡಪ್ಪ ಮೀಸೆಗೆ ಹತ್ತಿದ ವಡೆಯ ಎಣ್ಣೆ ಒರೆಸಿಕೊಳ್ಳುತ್ತಾ ಎಲೆಯ ಮೇಲೆ ಬಗ್ಗಿ ನೋಡಿದ. “ಚೂರು ಉಳಿದದೆ, ಅದ್ನೂ ಮುಗಿಸು” ಅಂದ. ಇಷ್ಟು ವರ್ಷವಾದರೂ ಇಡ್ಲಿಯ ಹಬೆ ಮೂಗಿಗೆ ಬಡಿದರೆ ನನಗೆ ಆ ಎಣ್ಣೆ ಮೀಸೆ ಕಾಣುತ್ತದೆ, ಬಾಯಲ್ಲಿ ಹುಳಿ ನೀರು ಬರುತ್ತದೆ.

ಅವನನ್ನು ಅಲ್ಲೇ ಕೂರಿಸಿ ಬಂದೆ. ಹತ್ತಕ್ಕೆ ಕಂಕಣ ಕಟ್ಟಿದರು: ತಂಗಿಗೆ, ಗಂಡಿಗೆ, ಧಾರೆ ಎರೆಯುವ ನನಗೆ, ನನ್ನ ಹೆಂಡತಿಗೆ. ಅರಿಶಿನದ ಬೇರು ನನ್ನ ಮಣಿಕಟ್ಟಿಗೆ ಬಿಗಿಯಾದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಹತ್ತೂವರೆಗೆ ನಮ್ಮ ಹೆಸರಿನ ಗಂಡಸರನ್ನು ಚಪ್ಪರದ ಹಿಂದಕ್ಕೆ ಕರೆದೆ. ಹದಿನಾರು ಜನ ಇದ್ದರು. ವಿಷಯ ಹೇಳಿದೆ. ಒಬ್ಬನಿಗೆ ಸೊಂಟ ನೋವು. ಒಬ್ಬ “ಕಂಕಣದ ಮನೇಲಿ ಇರೋರು ಹೆಣ ಮುಟ್ಟಂಗಿಲ್ಲ ಕಣೋ” ಅಂದ. ಇನ್ನೊಬ್ಬ ಊಟದ ಪಂಕ್ತಿಯ ಕಡೆ ಕತ್ತು ಚಾಚಿ “ಎಷ್ಟೊತ್ತಿಗೆ ಎಲೆ ಹಾಕ್ತಾರೆ?” ಅಂತ ಕೇಳಿದ. ದೊಡ್ಡಪ್ಪ ಮಾತ್ರ ನಗುನಗುತ್ತಲೇ ಅಂದ:

“ಲೇ, ಅವನು ಇಡ್ಲಿ ತಿಂದ್ನಲ್ಲೋ! ಮತ್ತೆ ಹೆಣ ಯಾರ್ದು?”

ಎಲ್ಲರೂ ನಕ್ಕರು. ಕಡೂರಿನ ಬೀಗರು ಏನು ತಮಾಷೆಯೋ ಅಂತ ಈ ಕಡೆ ನೋಡಿ ತಾವೂ ನಕ್ಕರು. ನಾನು ಕೂಗಾಡುವ ಹಾಗಿರಲಿಲ್ಲ. ತಾಳಿ ಇನ್ನೂ ಬಿದ್ದಿರಲಿಲ್ಲ.

ಹೋಟೆಲಿಗೆ ಹೋದೆ. ಅವನು ಎದ್ದು ನಿಂತು ನನ್ನ ಬೆನ್ನ ಹಿಂದೆ ನೋಡಿದ. ಎಂಟು ಜನಕ್ಕಾಗಿ. ಆಮೇಲೆ ನನ್ನ ಮುಖ ನೋಡಿದ. ಕಡೆಗೆ ಮಣಿಕಟ್ಟು ನೋಡಿದ. “ನೀನು ಬಾ” ಅಂತ ಕೇಳಲಿಲ್ಲ. ಕೇಳಿದ್ದರೆ ಕಂಕಣ ತೋರಿಸಿ ತಪ್ಪಿಸಿಕೊಳ್ಳಲು ನಾನು ತಯಾರಾಗಿಯೇ ಬಂದಿದ್ದೆ. ಲಾರಿ ಮಾತ್ರ ಕಳಿಸಿದೆ. ಮುಂದೆ ಸೀಟು ಖಾಲಿ ಇದ್ದರೂ ಅವನು ಹಿಂದೆ ನಿಂತುಕೊಂಡೇ ಹೋದನೆಂದು ಡ್ರೈವರ್ ಆಮೇಲೆ ಹೇಳಿದ.

ತಂಗಿ ಚೆನ್ನಾಗಿದ್ದಾಳೆ. ಮೇಷ್ಟ್ರು ಚಿನ್ನದಂಥವರು. ಆ ಮದುವೆ ನಿಂತಿದ್ದರೆ ಅವಳ ಗತಿ ಏನಾಗುತ್ತಿತ್ತೋ ನನಗೆ ಗೊತ್ತು. ಅದಕ್ಕೇ ನನಗೆ ಮದುವೆಯ ಬಗ್ಗೆ ಬೇಸರವಿಲ್ಲ. ಆ ಹೋಟೆಲಿನ ಎಲೆಯ ಬಗ್ಗೆ ಇದೆ. ವ್ಯಾಪಾರ ಮಾಡುವ ಹುಡುಗರಿಗೆ ಹೇಳುತ್ತಿರುತ್ತೇನೆ: ಎದ್ದು ಹೋಗುವ ದಾರಿ ಇರುವವನ ಜೊತೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಇಲ್ಲದವನ ಜೊತೆ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಎರಡು ತಿಂಗಳು ತಡೆದು ಅವನ ಹಳ್ಳಿಗೆ ಹೋದೆ. ಒಂದು ಮೂಟೆ ಅಕ್ಕಿ ಒಯ್ದಿದ್ದೆ. ಅವನು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಸತ್ತವನ ಹೆಂಡತಿ, ಅವನ ಅತ್ತಿಗೆ, ಒಳಗಿನಿಂದ ನೋಡಿ ಬಾಗಿಲು ಮುಂದೆ ಮಾಡಿಕೊಂಡಳು.

“ಅವತ್ತು ಯಾರು ಎತ್ತಿದ್ರು?” ಅಂದೆ.

“ಊರೋರು. ಅವ್ರೇನು ಹೆಸ್ರು ಕೇಳ್ಲಿಲ್ಲ.”

ಮೂಟೆ ಕಡೆ ಕೈ ತೋರಿಸಿದೆ. ಅವನು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಯಾಕ್ ಸ್ವಾಮಿ ಇದು? ನಮ್ಮನೇಲಿ ಯಾರೂ ಸತ್ತಿಲ್ವಲ್ಲ. ನಾನು ತಿಂದ್ನಲ್ಲ.”

ಅಷ್ಟು ದಿನ ಅಣ್ಣಾ ಅಂದವನು ಸ್ವಾಮಿ ಅಂದ. ನಾನು ವ್ಯಾಪಾರದವನಲ್ಲವಾ, “ಕಾಯಿ ಕೊಡ್ತೀಯಾ?” ಅಂದುಬಿಟ್ಟೆ.

“ತಗೊಳಿ. ಬೇರೆಯೋರಿಗೆ ಏನ್ ರೇಟೋ ಅದೇ.”

ಎಣಿಸಿ ಹಾಕಿದ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ನನ್ನ ಕೈ ಅಭ್ಯಾಸಬಲದಿಂದ ಕೊಸರಿಗೆ ಚಾಚಿಕೊಂಡಿತ್ತು. ಅವನು ಚೀಲದ ಬಾಯಿ ಕಟ್ಟಿ, ಅಕ್ಕಿ ಮೂಟೆಯನ್ನೂ ತಾನೇ ಹೊತ್ತು ತಂದು ನನ್ನ ಗಾಡಿಗೆ ಹಾಕಿದ.