ಕ್ವಾರಿಯಲ್ಲಿ ನಾನು ಕೂಗಿದ ಒನ್ಸ್ ಮೋರ್

ಹೋದ ವರ್ಷ ದೀಪಾವಳಿ ಕಳೆದ ಮೇಲೆ ದೊಡ್ಡಬಳ್ಳಾಪುರ ಕಡೆಯ ನಮ್ಮೂರು ಮಧುರೆ ಹತ್ತಿರದ ಹಳೇ ಕಲ್ಲುಕ್ವಾರಿಯಲ್ಲಿ ಒಂದು ಆಕ್ಷನ್ ಸಿನಿಮಾದ ಶೂಟಿಂಗ್ ನಡೆಯಿತು. ಟಿವಿಯಲ್ಲಿ ಲೈವ್ ತೋರಿಸುವ ಕಾಂಪಿಟಿಷನ್ನಿನ ಕಥೆ. ಆಡುವವರಲ್ಲಿ ಒಬ್ಬನೇ ಜೀವಂತ ಹೊರಗೆ ಬರಬೇಕು, ಉಳಿದವರು ಸಾಯಬೇಕು, ಶ್ರೀಮಂತರು ಕೂತು ಚಪ್ಪಾಳೆ ತಟ್ಟಬೇಕು. ಕೇಳಿ "ಹಾರಿಬಲ್!" ಅಂದವಳು ನಾನೇ. ಆದರೂ ಪ್ರೇಕ್ಷಕರ ಪಾತ್ರಕ್ಕೆ ಊರಿನವರನ್ನು ಕರೆದಾಗ ರೇಷ್ಮೆ ಸೀರೆ ಉಟ್ಟು ಮೊದಲು ಹೋದವಳೂ ನಾನೇ. ಕಾನ್ವೆಂಟಿನಲ್ಲಿ ಓದಿದವರು, ಇಂಗ್ಲಿಷ್ ಬರುತ್ತೆ ಅಂತ ಡೈರೆಕ್ಟರ್ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಒಳಗೊಳಗೇ ಬೀಗಿದೆ.

ಬೆಳಗಿನ ತಿಂಡಿ ಹೊತ್ತಿಗೆ ಫೈಟರ್ ಮಂಜ ತಟ್ಟೆ ಹಿಡಿದು ನಮ್ಮ ಪಕ್ಕ ಬಂದು ಕೂತ. ಹೊಸಕೋಟೆ ಕಡೆಯವನು. ಹೀರೋ ಬದಲು ಬೀಳುವುದು ಅವನ ಕೆಲಸ.

"ಅಜ್ಜಿ, ಇವತ್ತು ಮೇಲಿಂದ ಬೀಳ್ತೀನಿ, ಹೆದರ್ಕೋಬೇಡಿ."

"ನಿನ್ನ ಹೆಂಡತಿ ಹೇಗಪ್ಪಾ ಒಪ್ತಾಳೆ?"

"ಅವಳಿಗೆ ಡ್ಯಾನ್ಸರ್ ಅಂತ ಹೇಳಿದೀನಿ!"

ನನ್ನ ನಾದಿನಿ ಗೌರಮ್ಮ ಬಿಡುತ್ತಾಳೆಯೇ? "ನಮ್ಮತ್ತಿಗೆ ಹೆದರೋದಾ? ಟಿವೀಲಿ ಕೊಲೆ ನಡೀತಿದ್ರೆ ಸಾರು ಸೀದ್ರೂ ಏಳಲ್ಲ."

ಮೂವರೂ ನಕ್ಕೆವು.

"ಕಟ್ ಅನ್ನೋವರೆಗೂ ಕೂಗ್ತಾನೇ ಇರಿ" ಅಂತ ಮೈಕಿನಲ್ಲಿ ಹೇಳಿದರು. ಶಾಟ್ ಶುರುವಾಯಿತು. ಮಂಜ ಕಬ್ಬಿಣದ ಅಟ್ಟಣಿಗೆಯಿಂದ ಬಿದ್ದ. ಕೆಳಗೆ ಹಾಸಿದ್ದ ಬೆಡ್ಡಿನ ಅಂಚಿಗೆ ತಗುಲಿ ಆಚೆ ಬಂಡೆಗೆ ಉರುಳಿದ. ನಾನಿದ್ದ ಕಡೆಗೇ ತಿರುಗಿ, ಒಂದು ಕೈ ಎತ್ತಿ ಬಾಯಿ ತೆರೆದ.

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಸಾಯುವ ಪಾತ್ರಧಾರಿ ಚೆನ್ನಾಗಿ ಹಾಡಿದರೆ ಜನ ಒನ್ಸ್ ಮೋರ್ ಅನ್ನುತ್ತಾರೆ. ಸತ್ತವನು ಮೈ ಕೊಡವಿ ಎದ್ದು, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ, ಅದೇ ಹಾಡು ಹಾಡಿ ಇನ್ನೊಮ್ಮೆ ಸಾಯುತ್ತಾನೆ. ಚಿಕ್ಕಂದಿನಿಂದ ನೋಡಿಕೊಂಡು ಬಂದದ್ದು. ಮಂಜ ಎಷ್ಟು ನ್ಯಾಚುರಲ್ ಆಗಿ ಮಾಡ್ತಾನಲ್ಲ ಅನ್ನಿಸಿ, ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗಿಬಿಟ್ಟೆ. ಹಿಂದಿದ್ದವರೆಲ್ಲ ಅದನ್ನೇ ಹಿಡಿದುಕೊಂಡರು. ಶಿಳ್ಳೆ ಬೇರೆ. ಅವನು ಕರೆಯುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ. ಎತ್ತಿದ ಕೈ ಕೆಳಗೆ ಬಿದ್ದ ಮೇಲೆಯೇ ಲೈಟಿನವರು ಓಡಿದ್ದು.

ಮರುದಿನ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದೆ. ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಈ ಕೆಲಸ ಆಗದು ಅಂದರಂತೆ. ನಾನು ಒಯ್ದಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸುತ್ತಾ ಅವನ ಹೆಂಡತಿ ಕೇಳಿದಳು: "ಅಷ್ಟು ಜನ ಇದ್ರಂತೆ, ಯಾರಿಗೂ ಗೊತ್ತಾಗ್ಲಿಲ್ವಾ ಅಮ್ಮಾ?"

ಕಾನ್ವೆಂಟಿನಲ್ಲಿ ಮಾತುಮಾತಿಗೆ ಹೇಳಿಸುತ್ತಿದ್ದ ಆ 'ಸಾರಿ' ಆವತ್ತು ಬಾಯಿಗೆ ಬರಲಿಲ್ಲ.

ಮಂಜನೇ "ನಾನು ಅಷ್ಟು ಚೆನ್ನಾಗಿ ಆಕ್ಟ್ ಮಾಡ್ತೀನಿ ಕಣೇ" ಅಂದ. ನನ್ನ ಕಡೆ ನೋಡಲಿಲ್ಲ.

ಈಗ ಸಿನಿಮಾ ಬಿಡುಗಡೆಯಾಗಿದೆ. ಆ ಶಾಟನ್ನು ಕತ್ತರಿಸದೆ ಹಾಗೇ ಇಟ್ಟಿದ್ದಾರೆ. ಮಂಜ ಬೀಳುತ್ತಾನೆ, ಕೈ ಎತ್ತುತ್ತಾನೆ. ಆಮೇಲೆ ಪರದೆ ತುಂಬಾ ನನ್ನ ಮುಖ, ಮುತ್ತಿನ ಓಲೆ, ಅಗಲವಾಗಿ ತೆರೆದ ಬಾಯಿ. ಥಿಯೇಟರಿನಲ್ಲಿ ಗೌರಮ್ಮ ನನ್ನ ತೋಳು ತಿವಿದು "ಅತ್ತಿಗೆ, ಸೂಪರ್!" ಅಂದಳು. ಹಿಂದಿನ ಸೀಟಿನವನು ಒನ್ಸ್ ಮೋರ್ ಅಂತ ಕೂಗಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅಂದಿನಿಂದ ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ನಿಂತು "ಏನಪ್ಪಾ, ಏನಾಯ್ತು?" ಅಂತ ಕೇಳುತ್ತೇನೆ. ಬಸ್ಸಿಗೆ ಕೈ ಅಡ್ಡ ಹಾಕಿದವರು ನಗುತ್ತಾರೆ. ನಗಲಿ.