ನಕ್ಷತ್ರ ಕೆಟ್ಟ ಮನೆ

ಸಂಘಮಿತ್ರ ಬಾಡಿಗೆ ಮನೆ ಹುಡುಕುತ್ತಿದ್ದಾಳೆ ಎಂದರೆ, ಎಲ್ಲಿ ಸಾವಾಗಿದೆ ಎಂದು ವಿಚಾರಿಸುತ್ತಿದ್ದಾಳೆ ಎಂದೇ ಅರ್ಥ. ಹೀಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಬರಲಿ. ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಬೀಗ ಜಡಿದು ಆರು ತಿಂಗಳು ಬೇರೆ ಕಡೆ ಇರುತ್ತಾರೆ. ಇದ್ದರೆ ದೋಷ ತಟ್ಟುತ್ತದಂತೆ. ನಮ್ಮಂಥ ಮಂಗಳಮುಖಿಯರಿಗೆ ಮಾತ್ರ ತಟ್ಟುವುದಿಲ್ಲವಂತೆ, ನಮ್ಮನ್ನು ಮನುಷ್ಯರ ಲೆಕ್ಕಕ್ಕೆ ಹಿಡಿದಿದ್ದರೆ ತಾನೇ ತಟ್ಟುವುದು. ಹುಣಸೂರಿನಲ್ಲಿ ನಾವು ಮನೆ ಕೇಳಿದ ಕಡೆಯೆಲ್ಲ ಎರಡರಷ್ಟು ಅಡ್ವಾನ್ಸ್ ಹೇಳಿದರು. ಹೊಂದಿಸಿ ಕೊಡುತ್ತೇವೆ ಎಂದ ಕಡೆ ಮನೆಯೇ ಖಾಲಿ ಇಲ್ಲ ಎಂದುಬಿಟ್ಟರು. ಆಮೇಲೆ ಈ ದಾರಿ ಕಂಡುಹಿಡಿದವಳು ಅವಳೇ.

ಅವಳು ಎಚ್.ಡಿ. ಕೋಟೆ ಕಡೆಯವಳು. ಹೆತ್ತವಳು 'ನನ್ ಮಗ ಸತ್ತ' ಎಂದು ತಲೆಗೆ ನೀರು ಹಾಕಿಕೊಂಡು ಕೂತಿದ್ದಾಳೆ. ಮೈಸೂರಿನ ಒಂದು ಗಾರ್ಮೆಂಟ್ಸಿನಲ್ಲಿ ಸಂಘಮಿತ್ರ ಚೆನ್ನಾಗಿಯೇ ಹೊಲಿಯುತ್ತಿದ್ದಳು. ಕೂದಲು ಬಿಟ್ಟು ಓಲೆ ಹಾಕಿಕೊಂಡ ಮೇಲೆ ನಾಳೆಯಿಂದ ಬರಬೇಡ ಎಂದರು. ನಾನು ಕಾವ್ಯಶ್ರೀ, ಕೆ.ಆರ್. ನಗರದವಳು. ನಾವಿಬ್ಬರೂ ಸಿಕ್ಕಿದ್ದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯ ಮುಂದೆ. ಹರಾಜಿನ ಕಾಲದಲ್ಲಿ ನಮಗೂ ಸುಗ್ಗಿ. ಒಳ್ಳೆ ರೇಟು ಬರಲಿ ಎಂದು ತಲೆ ಮುಟ್ಟಿದರೆ ರೈತರು ಖುಷಿಯಿಂದ ಕೊಡುತ್ತಾರೆ. ಹರಾಜು ಮುಗಿದರೆ ಮಾತ್ರ ನಮ್ಮ ಒಲೆಯೂ ತಣ್ಣಗೆ. ಬಸ್ಸಿನಲ್ಲಿ ಕೈ ಚಾಚಿದರೆ ಚಿಲ್ಲರೆ ಇಲ್ಲ, ಎಲ್ಲ ಮೊಬೈಲಿನಲ್ಲೇ ಎನ್ನುತ್ತಾರೆ. ಸಂಘಮಿತ್ರ ಹಟ ಹಿಡಿದು ಸ್ಕ್ಯಾನರ್ ಚೀಟಿಯನ್ನೇ ಕೊರಳಿಗೆ ಹಾಕಿಕೊಂಡು ಹತ್ತಿದಳು. ಎಲ್ಲರಿಗೂ ಒಟ್ಟಿಗೇ ಕಿಟಕಿಯಾಚೆ ಏನೋ ಕಾಣಿಸಿತು.

ಕಳೆದ ವರ್ಷ ಗಾವಡಗೆರೆ ಹತ್ತಿರ ಒಂದು ಮನೆ ಸಿಕ್ಕಿತು. ಮಲ್ಲಾಜಮ್ಮ ಎಂಬ ವಿಧವೆಯದು. ಅವಳ ಒಬ್ಬಳೇ ಮಗಳು ಶೃತಿ, ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದವಳು, ಕಾಮಾಲೆಯಾಗಿ ಆ ಮನೆಯಲ್ಲೇ ತೀರಿಕೊಂಡಿದ್ದಳು. ತಾಯಿ ಬೀಗ ಹಾಕಿ ಹೊಸ ಅಗ್ರಹಾರಕ್ಕೆ, ತಮ್ಮ ಚಿಕ್ಕಬೀರಯ್ಯನ ಮನೆಗೆ ಹೋದಳು. ಬರುವ ಬಾಡಿಗೆ ಯಾಕೆ ಬಿಡಬೇಕು ಎಂದು ಚಿಕ್ಕಬೀರಯ್ಯ ನಮಗೆ ಕೀ ಕೊಟ್ಟ. ಅಡ್ವಾನ್ಸ್ ಕೇಳಲಿಲ್ಲ, ಆದರೆ ಆರು ತಿಂಗಳಾದ ಮೇಲೆ ಒಂದು ದಿನವೂ ಇರುವ ಹಾಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ.

ನಡುಮನೆಯಲ್ಲಿ ಶೃತಿಯ ಹೊಲಿಗೆ ಮಿಷನ್ನು ಇಟ್ಟಲ್ಲೇ ಇತ್ತು. ಮೊಳೆಗಳಿಗೆ ಅರ್ಧ ಹೊಲಿದ ರವಿಕೆಗಳು ನೇತಾಡುತ್ತಿದ್ದವು. ಅವನ್ನು ಕೇಳಿಕೊಂಡು ಒಬ್ಬಳೂ ಬರಲಿಲ್ಲ. ಗಾಳಿಗೆ ಅವು ಅಲ್ಲಾಡಿದರೆ ಯಾರೋ ತೋಳು ತೂರಿಸುತ್ತಿರುವಂತೆ ನನಗೆ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಗೋಡೆಗೆ ಮುಖ ಮಾಡಿಯೇ ಮಲಗುತ್ತಿದ್ದೆ. ಸಂಘಮಿತ್ರ ಮಾತ್ರ ಸಂಜೆ ಮಿಷನ್ನಿನ ಹತ್ತಿರ ದೀಪವಿಟ್ಟು, ನಿನ್ನ ಮನೆಯಲ್ಲಿದ್ದೇವೆ, ಬೇಜಾರು ಮಾಡಿಕೊಳ್ಳಬೇಡ ಎಂದು ಆ ಹುಡುಗಿಗೆ ಹೇಳುತ್ತಿದ್ದಳು.

ಒಂದು ದಿನ ಅವಳು ಬೇಗ ವಾಪಸ್ಸಾದಳು. ಅರಳಿಕಟ್ಟೆಯ ಪಡ್ಡೆಗಳ ಕೀಟಲೆ ತಪ್ಪಿಸಲು ಹೊಲದ ಮೇಲೆ ಹಾದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು, ಹರಿದ ಲಂಗವನ್ನು ಆ ಮಿಷನ್ನಿನಲ್ಲಿ ಹೊಲಿದುಕೊಂಡಳು. ಮುಂಬಾಗಿಲಿಗೆ ಹೊರಗಿನಿಂದ ಬೀಗ, ಒಳಗೆ ಮಿಷನ್ನಿನ ಸದ್ದು. ದನ ಹೊಡೆದುಕೊಂಡು ಬರುತ್ತಿದ್ದವರು ಕೇಳಿ ಓಡಿದರು. ಶೃತಿ ಇನ್ನೂ ಮನೆ ಬಿಟ್ಟಿಲ್ಲ ಎಂದು ಊರೆಲ್ಲ ಗುಲ್ಲಾಯಿತು.

ಆಗ ಆರು ತಿಂಗಳು ಮುಗಿಯುತ್ತಾ ಬಂದಿತ್ತು. ಮಳೆ ಹಿಡಿದಿತ್ತು, ಕೈಯಲ್ಲಿ ಕಾಸಿರಲಿಲ್ಲ, ಯಾವ ಊರಿನಲ್ಲೂ ನಮಗಾಗಿ ಯಾರೂ ಸತ್ತಿರಲಿಲ್ಲ. ಬೀದಿಯೇ ಗತಿ ಎಂದು ನಾನು ಅತ್ತೂ ಆಗಿತ್ತು. ಗುಲ್ಲು ಕೇಳಿದ ಚಿಕ್ಕಬೀರಯ್ಯ, ಹಾಗಾದರೆ ಇನ್ನೂ ಸ್ವಲ್ಪ ದಿನ ನೀವೇ ಇರಿ ಎಂದು ಹೇಳಿಕಳಿಸಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದಿನಿಂದ ಬೀಗ ಹಾಕಿ ಎಲ್ಲರಿಗೂ ಕಾಣುವಂತೆ ಬಸ್ಸು ಹತ್ತುವುದು, ಸಂಜೆ ಕದ್ದು ಹಿತ್ತಿಲಿನಿಂದ ಬಂದು ಮಿಷನ್ನು ತುಳಿಯುವುದು. ನೂಲಿಲ್ಲ, ಬಟ್ಟೆಯಿಲ್ಲ, ಬರೀ ಸದ್ದು. ತುಳಿಯುವಾಗ ಸಂಘಮಿತ್ರಳ ಮುಖ ನೋಡಲು ನನಗೆ ಭಯವಾಗುತ್ತಿತ್ತು. ಒಮ್ಮೆ ನಿಲ್ಲಿಸು ಎಂದರೂ ಅವಳಿಗೆ ಕೇಳಿಸಲಿಲ್ಲ.

ದೆವ್ವವೆಂದರೆ ಎಲ್ಲರೂ ಹೆದರುತ್ತಾರೆ ಎಂದುಕೊಂಡಿದ್ದೆವು ನೋಡಿ, ಅದೇ ನಮ್ಮ ಪೆದ್ದುತನ. ತಾಯಿಗೆಲ್ಲಿಯ ಹೆದರಿಕೆ? ಒಂದು ಮುಸ್ಸಂಜೆ ಜಗಲಿಯ ಮೇಲೆ ಯಾರೋ ಕುಸಿದು ಕೂತ ಸದ್ದಾಯಿತು. ಬೀಗ ಹಾಕಿದ ಬಾಗಿಲಿಗೆ ಹಣೆಯೊತ್ತಿ ಮಾತಾಡತೊಡಗಿದಳು ಮಲ್ಲಾಜಮ್ಮ.

"ಶೃತಿ, ನಾನು ಕಣ್ಮಗ, ನಿಮ್ಮವ್ವ. ಆಸ್ಪತ್ರೆಗೆ ಓಗಾನ ಅಂದೆ ನೀನು. ನಾಟಿ ಔಸ್ತಿನೇ ಸಾಕು ಅಂದ್ಬುಟ್ಟೆ ನಾನು. ನಿಲ್ಲಿಸ್ಬ್ಯಾಡ ಮಗ, ತುಳಿ. ನೀನು ತುಳಿಯಾದ್ ಕೇಳ್ಬೇಕು ಅಂತ್ಲೇ ಬಂದೆ."

ಸಂಘಮಿತ್ರಳ ಕಾಲು ನಿಂತುಹೋಯಿತು. ಬಾಯಿ ಬಿಟ್ಟರೆ ಮನೆ ಹೋಯಿತು ಎಂದು ನಾನು ಅವಳ ಸೆರಗು ಹಿಡಿದೆ. ಕೊಸರಿಕೊಂಡು ಹಿತ್ತಿಲಿನಿಂದ ಸುತ್ತು ಹಾಕಿ ಹೋಗಿ ಜಗಲಿಯ ಮುಂದೆ ನಿಂತಳು. ನಾನೂ ಹಿಂದೆಯೇ ಓಡಿದೆ.

"ನಿನ್ ಮಗಳಲ್ಲ ಕಣವ್ವ, ತುಳ್ದೋಳು ನಾನು. ಮನೆ ಬುಡುಸ್ತಾರೆ ಅಂತ ಇಂಗ್ ಮಾಡ್ದೊ. ನಾಳೆನೇ ಖಾಲಿ ಮಾಡ್ತೀವಿ," ಎಂದಳು, ತನ್ನ ದಪ್ಪ ದನಿಯಲ್ಲಿ.

ಮಲ್ಲಾಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಚಪ್ಪಲಿ ತೆಗೆದುಕೊಳ್ಳುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮುಖ ತಿರುಗಿಸಿ ಮತ್ತೆ ಬಾಗಿಲಿಗೆ ಒರಗಿದಳು.

"ಒಳೀಕೋಗು. ನಾನು ಇಲ್ಲೇ ಕುಂತಿರ್ತೀನಿ. ಮನೆ ಬುಡಾದ್ ಬ್ಯಾಡ, ತುಳಿ," ಎಂದಳು.

ಒಳಗೆ ಬಂದೆವು. ಸಂಘಮಿತ್ರ ಕಣ್ಣೀರು ಸುರಿಸುತ್ತಲೇ ತುಳಿದಳು. ಹೊರಗೆ ಮಲ್ಲಾಜಮ್ಮ ತಮ್ಮನ ಮನೆಯ ಸುದ್ದಿ, ಎಮ್ಮೆ ಕರು ಹಾಕಿದ್ದು, ಎಲ್ಲವನ್ನೂ ಮಗಳಿಗೆ ಹೇಳಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದು, ಬಾಗಿಲು ಸವರಿದಳು.

"ಬತ್ತೀನಿ ಕಣ್ಮಗ. ಉಂಡ್ಯಾ?"

ಸಂಘಮಿತ್ರ ಬಾಯಿ ತೆರೆದಳು. ಆ ದನಿ ಹೊರಗೆ ಹೋದರೆ ಮುದುಕಿಯ ಮಗಳು ಇನ್ನೊಂದು ಸಲ ಸಾಯುತ್ತಿದ್ದಳು, ನಾವು ಬೀದಿಗೆ ಬೀಳುತ್ತಿದ್ದೆವು. ನಾನು ಅವಳ ಬಾಯಿಗೆ ಕೈ ಒತ್ತಿ ಹಿಡಿದೆ. ಉಂಡೆ ಕಣವ್ವ ಎಂದು ಅವಳು ನನ್ನ ಅಂಗೈಯೊಳಗೇ ಹೇಳಿದಳು.