ಬೂಟಿನಡಿಯ ಹೆಸರು

ನನ್ನ ಮನೆ ಮಾಲೀಕರ ಬಲಗೈಯ ಮೂರು ಬೆರಳುಗಳಿಗೆ ಉಗುರಿರಲಿಲ್ಲ. ಪಿಎಚ್.ಡಿ. ಮುಗಿಸುತ್ತಿದ್ದ ವರ್ಷಗಳಲ್ಲಿ, ಅಮೆರಿಕದ ಎಲಿಕಾಟ್ ಸಿಟಿಯ ಅವರ ಮನೆಯ ಬೇಸ್‌ಮೆಂಟ್‌ನಲ್ಲಿ ನಾನು ಬಾಡಿಗೆಗಿದ್ದೆ. ಯೆಹೂದಿಗಳೆಂಬ ಕಾರಣಕ್ಕೆ ನಾಜಿಗಳು ಅವರನ್ನೂ ಅವರ ತಮ್ಮನನ್ನೂ ಹಿಡಿದು ಕಲ್ಲುಕ್ವಾರಿಯಲ್ಲಿ ಜೀತಕ್ಕೆ ಹಾಕಿದ್ದರು. ಉಗುರು ಹೋದದ್ದು ಅಲ್ಲಿ. ಒಬ್ಬ ಕಾವಲುಗಾರ ತಮ್ಮನನ್ನು ಸನಿಕೆಯಿಂದ ಹೊಡೆದು ಕೊಂದದ್ದೂ ಅಲ್ಲೇ. ಇದನ್ನೆಲ್ಲ ಅವರು ಟೊಮೇಟೊ ಗಿಡಗಳಿಗೆ ನೀರು ಹಾಕುತ್ತಾ ಹೇಳುತ್ತಿದ್ದರು. ದನಿ ಏರುತ್ತಿರಲಿಲ್ಲ.

ನನಗೆ ಡಿಗ್ರಿ ಬಂದ ದಿನ, ನಮ್ಮ ಕಡೆಯ ಅಭ್ಯಾಸದಂತೆ ಬಗ್ಗಿ ಅವರ ಕಾಲು ಮುಟ್ಟಿದೆ. ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು.

“ಏಳು ಹುಡುಗಿ! ಅಲ್ಲಿ ಅವನಿದ್ದಾನೆ.”

ಗೋಡೆ ಹಿಡಿದುಕೊಂಡು ಬೂಟೆತ್ತಿ ತೋರಿಸಿದರು. ಅಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಹೆಸರು, ಅರ್ಧ ಸವೆದದ್ದು. ಅವರ ಹಬ್ಬವೊಂದರಲ್ಲಿ ಹಳೆಯ ಕಾಲದ ವೈರಿಯೊಬ್ಬನ ಹೆಸರನ್ನು ಹೀಗೆ ಬರೆದು, ಅಳಿಯುವವರೆಗೆ ನೆಲಕ್ಕೆ ತುಳಿಯುತ್ತಾರಂತೆ. ಇವರು ಆ ಕಾವಲುಗಾರನ ಹೆಸರನ್ನು ದಿನವೂ ಬರೆಯುತ್ತಿದ್ದರು.

“ಐವತ್ತು ವರ್ಷದಿಂದ ತುಳೀತಿದೀನಿ. ನೀನು ಬಂದು ನಮಸ್ಕಾರ ಮಾಡ್ತೀಯಲ್ಲ!” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವರ್ಷ ಕಾವಲುಗಾರ ಸಿಕ್ಕಿದ. ಹಿಂದಿನದನ್ನು ಮುಚ್ಚಿಟ್ಟು ಅಮೆರಿಕದ ಪೌರನಾಗಿ, ಸೌತ್ ಕ್ಯಾರೊಲಿನಾದ ಸಣ್ಣ ಊರೊಂದರಲ್ಲಿ ಗುಲಾಬಿ ಬೆಳೆಸಿಕೊಂಡಿದ್ದ. ಅವನ ಪೌರತ್ವ ರದ್ದು ಮಾಡಲು ಸರ್ಕಾರ ಮೊಕದ್ದಮೆ ಹೂಡಿತು. ಮಾಲೀಕರು ಸಾಕ್ಷಿ ಹೇಳಬೇಕಿತ್ತು. ಕಾರು ನಾನೇ ಓಡಿಸಿದೆ. “ಜೈಲು ಬೇಡ, ಏನೂ ಬೇಡ. ಅವನನ್ನ ಮನೆಯಿಂದ ಎಳೆದು ಹೊರಗೆ ಹಾಕಲಿ, ನಮ್ಮನ್ನ ಎಳೆದ ಹಾಗೆ,” ಎಂದು ದಾರಿಯುದ್ದಕ್ಕೂ ಹೇಳಿದರು.

ಕೋರ್ಟಿನ ಮೆಟ್ಟಿಲ ಮೇಲೆ ಅವನ ಚರ್ಚಿನ ಪಾದ್ರಿ ಎದುರಾದರು. “ಅವರಿಗೀಗ ಎಂಬತ್ತು ದಾಟಿದೆ, ಸರ್. ಕ್ಷಮಿಸಬಾರದೇ?”

“ನನ್ನ ತಮ್ಮನಿಗೆ ಇನ್ನೂ ಹತ್ತೊಂಬತ್ತು. ಹೋಗಿ ಅವನನ್ನ ಕೇಳಿ.”

ಒಳಗೆ ಹೋಗಿ ಕಾವಲುಗಾರನನ್ನು ಗುರುತಿಸಿದರು.

ಪೌರತ್ವ ಹೋಯಿತು, ಗಡೀಪಾರಿನ ಆದೇಶವೂ ಬಂತು. ಆದರೆ ಅವನ ಮೇಲ್ಮನವಿಗಳು ಮುಗಿಯುವ ಮೊದಲೇ ಮಾಲೀಕರ ಶ್ವಾಸಕೋಶ ಸೋತಿತು. ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದು, “ಅವನು ಹೋದ ದಿನ ಬಂದು ಹೇಳು,” ಎಂದರು. ಮೂರನೆಯ ದಿನ ತೀರಿಕೊಂಡರು.

ಅವನನ್ನು ವಿಮಾನ ಹತ್ತಿಸಿದ್ದು ಮರುವರ್ಷ. ಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತನೆಂದು ಸರ್ಕಾರದ ವಕೀಲರು ಫೋನಿನಲ್ಲಿ ಹೇಳಿದರು. ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ. ಅರ್ಧ ದಿನ ರಜೆ ಹಾಕಿ ಸ್ಮಶಾನಕ್ಕೆ ಹೋದೆ. ಅಕ್ಕಪಕ್ಕ ಯಾರಿದ್ದಾರೆಂದು ನೋಡದೆ, ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ:

“ಅಂಕಲ್, ಅವನನ್ನ ಅಟ್ಟಿದರು. ಅಳ್ತಾ ಹೋದ.”